ಕಾರ್ಬನ್ನಿನ ಲೆಕ್ಕ: ಲ್ಯಾಬ್ ಹೇಳಬೇಕೋ, ಕಪ್ಪುಕುಳಿ ಹೇಳಬೇಕೋ?

140, ಅದರ ಆಚೆ ಈಚೆ 21. ನಕ್ಷತ್ರಗಳ ಬದುಕನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರಿಗೆ ತೀರಾ ಪರಿಚಯದ ಅಂಕಿ ಇದು. ಕಾರ್ಬನ್ ನ್ಯೂಕ್ಲಿಯಸ್ಸಿಗೆ ಒಂದು ಹೀಲಿಯಂ ನ್ಯೂಕ್ಲಿಯಸ್ ಸೇರಿ ಆಕ್ಸಿಜನ್ ಆಗುತ್ತದೆ, ಜೊತೆಗೆ ಗಾಮಾ ಕಿರಣ ಹೊರಬೀಳುತ್ತದೆ. ಆ ಕ್ರಿಯೆ ಎಷ್ಟು ಚುರುಕಾಗಿ ನಡೆಯುತ್ತದೆ ಅಂತ ಈ ಅಂಕಿ ಹೇಳುತ್ತದೆ. ಭೌತವಿಜ್ಞಾನಿಗಳು ಇದನ್ನು ಎಸ್-ಫ್ಯಾಕ್ಟರ್ ಅನ್ನುತ್ತಾರೆ. ಏಕಮಾನ ಕಿಲೋ ಎಲೆಕ್ಟ್ರಾನ್ ವೋಲ್ಟ್ ಬಾರ್ನ್. ಅದು ಮರೆತುಹೋದರೂ ನಷ್ಟವಿಲ್ಲ.

ದಶಕಗಳ ಕಾಲ ಬೇರೆ ಬೇರೆ ದೇಶಗಳಲ್ಲಿ ಮಾಡಿದ ಅಳತೆಗಳನ್ನೆಲ್ಲ ಒಂದೆಡೆ ಇಟ್ಟು ನೋಡಿ, 2017ರಲ್ಲಿ ಒಂದು ತಂಡ ಈ ಅಂಕಿಗೆ ಬಂತು. ಲೆಕ್ಕದ ಮಾದರಿಯಿಂದ ಬರುವ ಅನಿಶ್ಚಿತತೆ ಬೇರೆ, ಅದನ್ನೂ ಸೇರಿಸಿಕೊಳ್ಳಬೇಕು. ಇಷ್ಟೆಲ್ಲ ಆದರೂ ಒಂದು ಮಾತು ಉಳಿಯುತ್ತದೆ. ನಕ್ಷತ್ರದೊಳಗೆ ಈ ಕ್ರಿಯೆ ಯಾವ ಶಕ್ತಿಯಲ್ಲಿ ನಡೆಯುತ್ತದೋ, ಆ ಶಕ್ತಿಯಲ್ಲಿ ಇದನ್ನು ಭೂಮಿಯ ಮೇಲೆ ಯಾರೂ ಇನ್ನೂ ನೇರವಾಗಿ ಅಳೆದಿಲ್ಲ. 140 ಅನ್ನುವುದು ಬೇರೆ ಕಡೆ ಅಳೆದು ಇಲ್ಲಿಗೆ ಎಳೆದು ತಂದ ಅಂಕಿ.

ಈಗ ಇದು ಮತ್ತೆ ಚರ್ಚೆಗೆ ಬಂದಿದ್ದು ಗುರುತ್ವ ಅಲೆಗಳಿಂದ. ಎರಡು ಕಪ್ಪುಕುಳಿಗಳು ಡಿಕ್ಕಿಯಾದಾಗ ಏಳುವ ಈ ಅಲೆಗಳಿಂದ ಅವುಗಳ ತೂಕ ಗೊತ್ತಾಗುತ್ತದೆ. ಕಪ್ಪುಕುಳಿಗಳ ತೂಕದ ಪಟ್ಟಿ ಉದ್ದವಾಗುತ್ತಿದ್ದ ಹಾಗೆ ಕೆಲವು ತಂಡಗಳು ಲೆಕ್ಕವನ್ನು ತಿರುಗಿಸಿ ಹಾಕತೊಡಗಿವೆ. ಲ್ಯಾಬಿನಲ್ಲಿ ಸಿಗದ ಅಂಕಿಯನ್ನು ಕಪ್ಪುಕುಳಿಗಳಿಂದಲೇ ತೆಗೆಯಬಹುದು ಅನ್ನುವುದು ಅವರ ವಾದ. ಕೇಳಲು ಚೆನ್ನಾಗಿದೆ. ಆದರೆ ಅದನ್ನು ಲ್ಯಾಬಿನ ಅಳತೆಯ ಜಾಗದಲ್ಲಿ ಕೂರಿಸಿದರೆ ನಾವು ಸುತ್ತು ಹೊಡೆದು ಹೊರಟಲ್ಲಿಗೇ ಬರುತ್ತೇವೆ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಸೂರ್ಯನಂಥ ನಕ್ಷತ್ರ ಮೊದಲು ಹೈಡ್ರೋಜನ್ ಸುಟ್ಟು ಹೀಲಿಯಂ ಮಾಡುತ್ತದೆ. ಒಡಲಿನ ಹೈಡ್ರೋಜನ್ ಮುಗಿದ ಮೇಲೆ ಅದು ಕುಗ್ಗಿ ಬಿಸಿಯಾಗುತ್ತದೆ, ಹೀಲಿಯಂ ಉರಿಯುತ್ತದೆ. ಇಲ್ಲಿ ಎರಡು ಹಂತ. ಮೂರು ಹೀಲಿಯಂ ಸೇರಿ ಒಂದು ಕಾರ್ಬನ್ ಆಗುವುದು ಮೊದಲನೆಯದು. ಹಾಗೆ ಆದ ಕಾರ್ಬನ್ನಿಗೆ ಇನ್ನೊಂದು ಹೀಲಿಯಂ ಸೇರಿ ಆಕ್ಸಿಜನ್ ಆಗುವುದು ಎರಡನೆಯದು. ಎರಡೂ ಒಂದೇ ಒಡಲಿನಲ್ಲಿ, ಒಟ್ಟೊಟ್ಟಿಗೆ. ಅಮ್ಮ ಕಾವಲಿಯ ಮುಂದೆ ದೋಸೆ ಹುಯ್ಯುತ್ತಿರುವಾಗ ಮಕ್ಕಳು ತಟ್ಟೆಯಿಂದ ಎತ್ತಿ ತಿನ್ನುತ್ತಲೇ ಇರುತ್ತಾರಲ್ಲ, ಹಾಗೆ. ಹಿಟ್ಟು ಮುಗಿದಾಗ ಎಷ್ಟು ದೋಸೆ ಉಳಿದಿರುತ್ತದೆ ಅನ್ನುವುದಕ್ಕೆ ಹುಯ್ಯುವ ವೇಗವೊಂದೇ ಸಾಲದು, ತಿನ್ನುವ ವೇಗವೂ ಗೊತ್ತಿರಬೇಕು.

ಹುಯ್ಯುವ ವೇಗ, ಅಂದರೆ ಮೂರು ಹೀಲಿಯಂ ಕ್ರಿಯೆ, ಸುಮಾರಾಗಿ ಗೊತ್ತು. 1953ರಲ್ಲಿ ಬ್ರಿಟಿಷ್ ವಿಜ್ಞಾನಿ ಫ್ರೆಡ್ ಹಾಯ್ಲ್ ಅಮೆರಿಕದ ಕ್ಯಾಲ್‌ಟೆಕ್‌ಗೆ ಹೋಗಿ, ಕಾರ್ಬನ್ನಿನಲ್ಲಿ 7.65 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಸುಮಾರಿಗೆ ಒಂದು ಶಕ್ತಿಮಟ್ಟ ಇರಲೇಬೇಕು, ಇಲ್ಲದಿದ್ದರೆ ಲೋಕದಲ್ಲಿ ಇಷ್ಟು ಕಾರ್ಬನ್ ಇರುತ್ತಿರಲಿಲ್ಲ ಅಂತ ವಾದಿಸಿದ. ಅಲ್ಲಿನ ಕೆಲಾಗ್ ಲ್ಯಾಬಿನಲ್ಲಿ ವಾರ್ಡ್ ವೇಲಿಂಗ್ ತಂಡ ಹುಡುಕಿತು. ಮಟ್ಟ ಸಿಕ್ಕಿತು. ಅಲ್ಲೂ ಕತೆ ಪೂರ್ತಿ ಮುಗಿದಿಲ್ಲ ಅನ್ನಿ. 2020ರಲ್ಲಿ ಬಂದ ಒಂದು ಅಳತೆ ಈ ಕ್ರಿಯೆ ನಾವಂದುಕೊಂಡಿದ್ದಕ್ಕಿಂತ ಮೂರನೇ ಒಂದರಷ್ಟು ಜಾಸ್ತಿ ಅಂದಿತು. ಆಮೇಲೆ ಬಂದ ಅಳತೆಗಳು ಹಳೆಯ ಅಂಕಿಯ ಕಡೆಗೇ ವಾಲಿವೆ.

ತೊಂದರೆ ಕೊಡುತ್ತಿರುವುದು ತಿನ್ನುವ ವೇಗ. ಅದೇ ನಮ್ಮ 140. ಕ್ಯಾಲ್‌ಟೆಕ್‌ನ ವಿಲಿಯಂ ಫೌಲರ್‌ಗೆ ನಕ್ಷತ್ರಗಳೊಳಗಿನ ಪರಮಾಣು ಕ್ರಿಯೆಗಳ ಕೆಲಸಕ್ಕೆ 1983ರಲ್ಲಿ ನೊಬೆಲ್ ಬಂತು. ಆ ವರ್ಷ ಭೌತವಿಜ್ಞಾನದ ಬಹುಮಾನ ಹಂಚಿಕೊಂಡ ಇನ್ನೊಬ್ಬರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್. ಫೌಲರ್ ಪ್ರಕಾರ ಈ ಕ್ಷೇತ್ರದಲ್ಲಿ ಅತಿ ಮುಖ್ಯವಾದ ಅಳತೆ ಇದೇ ಕ್ರಿಯೆಯದು. ನಮ್ಮ ಮೈಯ ತೂಕದಲ್ಲಿ ಸುಮಾರು 65 ಪಾಲು ಆಕ್ಸಿಜನ್, 18 ಪಾಲು ಕಾರ್ಬನ್. ಲೋಕದಲ್ಲಿ ಈ ಎರಡರ ಪ್ರಮಾಣ ಯಾಕೆ ಈಗಿರುವಷ್ಟೇ ಇದೆ ಅನ್ನುವ ಪ್ರಶ್ನೆಗೆ ಬಹುಪಾಲು ಉತ್ತರ ಈ ಒಂದು ಕ್ರಿಯೆಯ ವೇಗದಲ್ಲಿದೆ. ಅದನ್ನೇ ನೇರವಾಗಿ ಅಳೆಯಲು ಆಗಿಲ್ಲ.

ಯಾಕೆ ಆಗಿಲ್ಲ? ಕಾರ್ಬನ್ ನ್ಯೂಕ್ಲಿಯಸ್‌ನಲ್ಲಿ ಆರು ಪ್ರೋಟಾನ್, ಹೀಲಿಯಂನಲ್ಲಿ ಎರಡು. ಎರಡೂ ಧನ ವಿದ್ಯುತ್ತಿನವು, ಒಂದನ್ನೊಂದು ದೂರ ತಳ್ಳುತ್ತವೆ. ಈ ತಳ್ಳಾಟದ ಗೋಡೆ ದಾಟಲು ಬೇಕಾದಷ್ಟು ಶಕ್ತಿ ನಕ್ಷತ್ರದ ಬಿಸಿಯಲ್ಲಿ ಇಲ್ಲ. ಗೋಡೆ ಹತ್ತದೆ, ಅದರ ಮೂಲಕವೇ ನುಸುಳಿ ಹೋಗುವ ಸಾಧ್ಯತೆ ಕ್ವಾಂಟಂ ಲೋಕದಲ್ಲಿ ಇದೆ ಅಂತ ಜಾರ್ಜ್ ಗ್ಯಾಮೊ 1928ರಲ್ಲಿ ತೋರಿಸಿದ್ದ. ಆ ಸಾಧ್ಯತೆ ಶಕ್ತಿ ಕಡಿಮೆಯಾದಂತೆ ಪಾತಾಳಕ್ಕೆ ಇಳಿಯುತ್ತದೆ. ಇನ್ನೊಂದು ಕಡೆ, ಜಾಸ್ತಿ ಶಕ್ತಿಯ ಕಣಗಳು ನಕ್ಷತ್ರದಲ್ಲಿ ತೀರಾ ಅಪರೂಪ. ಈ ಎರಡರ ನಡುವೆ ಒಂದು ಸಣ್ಣ ಕಿಟಕಿ ಇದೆ. ಕ್ರಿಯೆಗಳೆಲ್ಲ ಬಹುತೇಕ ಆ ಕಿಟಕಿಯಲ್ಲೇ ನಡೆಯುತ್ತವೆ. ಹೀಲಿಯಂ ಉರಿಯುವ 20 ಕೋಟಿ ಡಿಗ್ರಿ ಸುಮಾರಿನಲ್ಲಿ, ಕಾರ್ಬನ್ ಮತ್ತು ಹೀಲಿಯಂ ಜೋಡಿಗೆ ಈ ಕಿಟಕಿ 300 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ.

ಅಲ್ಲಿ ಲ್ಯಾಬಿನಲ್ಲಿ ಅಳೆಯಲು ಹೊರಟರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಬಹುದು. ವೇಗವರ್ಧಕದಿಂದ 100 ಮೈಕ್ರೋ ಆಂಪಿಯರ್ ಹೀಲಿಯಂ ಬೀಮ್ ಬಿಡೋಣ. ಅಂದರೆ ಸೆಕೆಂಡಿಗೆ ಆರು ಕೋಟಿ ಕೋಟಿಯಷ್ಟು ಹೀಲಿಯಂ. ಚದರ ಸೆಂಟಿಮೀಟರಿಗೆ ಹತ್ತು ಸಾವಿರ ಕೋಟಿ ಕೋಟಿ ಕಾರ್ಬನ್ ಪರಮಾಣುಗಳಿರುವ ತೆಳು ಪದರಕ್ಕೆ ಅದನ್ನು ಹೊಡೆಯೋಣ. 140 ಅನ್ನುವ ಅಂಕಿಯನ್ನೇ ನಂಬಿದರೆ, ಸುಮಾರು ಎರಡು ವರ್ಷಕ್ಕೆ ಒಂದು ಕ್ರಿಯೆ ನಡೆಯುತ್ತದೆ. ಒಂದೇ ಒಂದು. ಅದರ ಗಾಮಾ ಕಿರಣ ನಮ್ಮ ಡಿಟೆಕ್ಟರಿಗೆ ಸಿಗದೆ ಹೋದರೆ ಮುಗೀತು, ಇನ್ನೆರಡು ವರ್ಷ ಕಾಯಬೇಕು. ಅಷ್ಟರಲ್ಲಿ ಆಕಾಶದಿಂದ ಸುರಿಯುವ ವಿಶ್ವಕಿರಣಗಳು ಅದೇ ಡಿಟೆಕ್ಟರನ್ನು ಲೆಕ್ಕವಿಲ್ಲದಷ್ಟು ಸಲ ತಟ್ಟಿರುತ್ತವೆ.

ಹಾಗಾಗಿ ಎಲ್ಲರೂ ಮಾಡುವುದು ಒಂದೇ. ಶಕ್ತಿ ಜಾಸ್ತಿ ಇರುವ ಕಡೆ ಅಳೆಯುತ್ತಾರೆ, ಆಗುವಷ್ಟು ಕೆಳಗಿಳಿಯುತ್ತಾರೆ, ಅಲ್ಲಿಂದ ಮುಂದಕ್ಕೆ ಗೆರೆ ಎಳೆಯುತ್ತಾರೆ. ನುಸುಳುವ ಸಾಧ್ಯತೆಯ ಭಾರೀ ಇಳಿತವನ್ನು ಲೆಕ್ಕದಿಂದ ತೆಗೆದುಹಾಕಿದ ಮೇಲೆ ಉಳಿಯುವುದೇ ಎಸ್-ಫ್ಯಾಕ್ಟರ್. ಅದು ನಿಧಾನವಾಗಿ ಬದಲಾಗುವ ಕಾರಣ ಗೆರೆ ಎಳೆಯುವುದು ಸುಲಭ ಅನ್ನುವುದು ಆಶಯ. ಕೆಲವು ಕ್ರಿಯೆಗಳಲ್ಲಿ ಆಶಯ ನಿಜವಾಗುತ್ತದೆ. ಕಾರ್ಬನ್ ವಿಷಯದಲ್ಲಿ ಆಗುವುದಿಲ್ಲ. ಆಕ್ಸಿಜನ್ ನ್ಯೂಕ್ಲಿಯಸ್‌ನಲ್ಲಿ 6.92 ಮತ್ತು 7.12 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಎರಡು ಮಟ್ಟಗಳಿವೆ. ಕಾರ್ಬನ್, ಹೀಲಿಯಂ ಸೇರಿದಾಗ ಸಿಗುವ ಹೊಸ್ತಿಲು 7.16. ಅಂದರೆ ಎರಡೂ ಮಟ್ಟಗಳು ಹೊಸ್ತಿಲಿಗಿಂತ ಸ್ವಲ್ಪವೇ ಕೆಳಗೆ. ಎಷ್ಟು ಕಡಿಮೆ ಶಕ್ತಿಯಲ್ಲಿ ಹೊಡೆದರೂ ಅವನ್ನು ನೇರವಾಗಿ ಮುಟ್ಟಲಾಗದು. ಆದರೆ ಅವುಗಳ ಬಾಲ ಹೊಸ್ತಿಲು ದಾಟಿ ಈಚೆಗೆ ಚಾಚಿದೆ, ಸರಿಯಾಗಿ ನಮ್ಮ ಕಿಟಕಿಯೊಳಗೆ. ಮೇಲಿನ ಮಟ್ಟಗಳ ಬಾಲದೊಡನೆ ಅದು ಕೂಡುತ್ತದೋ ಕಳೆಯುತ್ತದೋ ಅನ್ನುವುದರ ಮೇಲೆ ಕೊನೆಯ ಅಂಕಿ ನಿಂತಿದೆ.

ನೇರ ಅಳತೆ ಇಳಿದಿರುವುದು ಹೆಚ್ಚುಕಡಿಮೆ 1,000 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗೆ. ಅಲ್ಲಿಂದ 300ಕ್ಕೆ ಇಳಿಯುವಾಗ ಕ್ರಿಯೆಯ ಸಾಧ್ಯತೆ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಕುಸಿಯುತ್ತದೆ. ಅಷ್ಟು ದೂರ ಕಣ್ಣು ಕಟ್ಟಿಕೊಂಡು ಗೆರೆ ಎಳೆಯಬೇಕು.

ಇಷ್ಟು ಕೇಳಿದರೆ ಈ ಕೆಲಸವೇ ಆಗದ ಮಾತು ಅನಿಸಬಹುದು. ಹಾಗೇನಿಲ್ಲ. ಇಟಲಿಯ ಗ್ರಾನ್ ಸಾಸೊ ಬೆಟ್ಟದ ಕೆಳಗೆ ಲೂನಾ ಅನ್ನುವ ತಂಡ 1990ರ ದಶಕದಿಂದ ನಕ್ಷತ್ರಗಳ ಕ್ರಿಯೆಗಳನ್ನು ಹೀಗೆ ಕಡಿಮೆ ಶಕ್ತಿಯಲ್ಲಿ ಅಳೆಯುತ್ತಿದೆ. ಲಾಕ್ವಿಲಾದಿಂದ ತೆರಾಮೊ ಕಡೆಗೆ ಹೋಗುವ ಹೆದ್ದಾರಿಯ ಸುರಂಗದ ಪಕ್ಕಕ್ಕೆ ಕೊರೆದ ದೊಡ್ಡ ಹಾಲ್‌ಗಳಲ್ಲಿ ಲ್ಯಾಬ್ ಇದೆ. ಲಾರಿ ನೇರವಾಗಿ ಒಳಗೆ ಬರುತ್ತದೆ. ಮೇಲೆ 1,400 ಮೀಟರ್ ಬಂಡೆ. ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಯಾನ್ ಕಣಗಳು ಅಲ್ಲಿ ಹತ್ತು ಲಕ್ಷ ಪಟ್ಟು ಕಡಿಮೆ.

ಲೂನಾದ ಮೊದಲ ದೊಡ್ಡ ಕೆಲಸ ಎರಡು ಹೀಲಿಯಂ-3 (ಒಂದು ನ್ಯೂಟ್ರಾನ್ ಕಡಿಮೆ ಇರುವ ಹೀಲಿಯಂ) ಸೇರುವ ಕ್ರಿಯೆ. ಸೂರ್ಯನಿಂದ ಬರಬೇಕಾದಷ್ಟು ನ್ಯೂಟ್ರಿನೊ ಅನ್ನುವ ಸೂಕ್ಷ್ಮ ಕಣಗಳು ಬರುತ್ತಿಲ್ಲ ಅನ್ನುವ ತಲೆನೋವು ಆಗ ಇತ್ತು. ಈ ಕ್ರಿಯೆಯಲ್ಲಿ ಯಾರಿಗೂ ಕಾಣದ ಒಂದು ಅನುರಣನ (ಒಂದು ನಿರ್ದಿಷ್ಟ ಶಕ್ತಿಯಲ್ಲಿ ಕ್ರಿಯೆ ದಿಢೀರನೆ ಜೋರಾಗುವುದು) ಅಡಗಿದ್ದರೆ ಒಗಟು ಬಿಡಿಸಬಹುದು ಅಂತ ಕೆಲವರ ಊಹೆ. ಬರೀ 50 ಕಿಲೋವೋಲ್ಟಿನ ಪುಟ್ಟ ವೇಗವರ್ಧಕ ಇಟ್ಟುಕೊಂಡು ತಂಡ ಸೂರ್ಯನ ಕಿಟಕಿಯೊಳಕ್ಕೇ ಇಳಿಯಿತು. ಅತಿ ಕೆಳಗಿನ ಶಕ್ತಿಯಲ್ಲಿ ತಿಂಗಳಿಗೆ ಸಿಗುತ್ತಿದ್ದುದು ಸುಮಾರು ಎರಡು ಕ್ರಿಯೆ. ಆ ಫಲಿತಾಂಶ 1999ರಲ್ಲಿ ಬಂತು: ಅನುರಣನ ಇಲ್ಲ. ತಪ್ಪು ಸೂರ್ಯನ ಲೆಕ್ಕದಲ್ಲಿಲ್ಲ, ನ್ಯೂಟ್ರಿನೊಗಳಲ್ಲೇ ಏನೋ ಇದೆ ಅನ್ನುವ ಕಡೆಗೆ ಅದು ಬೆರಳು ತೋರಿಸಿತು. ದಾರಿಯಲ್ಲಿ ನ್ಯೂಟ್ರಿನೊಗಳು ಜಾತಿ ಬದಲಿಸುತ್ತವೆ ಅಂತ ಕೆನಡಾದ ಸಡ್‌ಬರಿ ಪ್ರಯೋಗ ಕೆಲವೇ ವರ್ಷಗಳಲ್ಲಿ ಖಚಿತಪಡಿಸಿತು. "ಏನೂ ಸಿಗಲಿಲ್ಲ" ಅನ್ನುವ ಫಲಿತಾಂಶಕ್ಕೆ ಇದಕ್ಕಿಂತ ಜಾಸ್ತಿ ಬೆಲೆ ಬಂದಿದ್ದು ನಾನಂತೂ ಕಂಡಿಲ್ಲ.

ಆಮೇಲೆ 400 ಕಿಲೋವೋಲ್ಟಿನ ಯಂತ್ರದಲ್ಲಿ ನೈಟ್ರೋಜನ್‌ಗೆ ಪ್ರೋಟಾನ್ ಸೇರುವ ಕ್ರಿಯೆ ಅಳೆದರು. 2004ರಲ್ಲಿ ಬಂದ ಅಂಕಿ ಹಿಂದಿನದರ ಅರ್ಧದಷ್ಟು. ಹೈಡ್ರೋಜನ್ ಸುಡುವ ಒಂದು ಮುಖ್ಯ ಚಕ್ರದಲ್ಲಿ ಅತಿ ನಿಧಾನದ ಹೆಜ್ಜೆ ಇದೇ. ಇದು ನಿಧಾನವಾದರೆ ನಕ್ಷತ್ರದ ಆಯಸ್ಸಿನ ಲೆಕ್ಕವೂ ಬದಲಾಗುತ್ತದೆ. ಗೋಳಾಕಾರದ ಹಳೆಯ ನಕ್ಷತ್ರಗುಚ್ಛಗಳ ವಯಸ್ಸು ಒಂದೇ ಏಟಿಗೆ 70 ಕೋಟಿಯಿಂದ 100 ಕೋಟಿ ವರ್ಷ ಏರಿತು. ತಮಾಷೆ ಅಂದರೆ, ಅದೇ ಬೆಟ್ಟದೊಳಗಿನ ಬೊರೆಕ್ಸಿನೊ ಪ್ರಯೋಗ 2020ರಲ್ಲಿ ಸೂರ್ಯನ ಈ ಚಕ್ರದಿಂದ ಬರುವ ನ್ಯೂಟ್ರಿನೊಗಳನ್ನು ಹಿಡಿಯಿತು. ಈಗ ಆ ಎಣಿಕೆಯಿಂದ ಸೂರ್ಯನ ಒಡಲಲ್ಲಿ ಕಾರ್ಬನ್, ನೈಟ್ರೋಜನ್ ಎಷ್ಟಿದೆ ಅಂತ ತೆಗೆಯಬೇಕಾದರೆ ಮತ್ತೆ ಲ್ಯಾಬಿನ ಅಂಕಿಯೇ ಇನ್ನೂ ನಿಖರವಾಗಿ ಬೇಕು.

ಚೀನಾದವರು ಇನ್ನೂ ಆಳಕ್ಕೆ ಹೋದರು. ಸಿಚುವಾನ್ ಪ್ರಾಂತ್ಯದ ಜಿನ್‌ಪಿಂಗ್ ಬೆಟ್ಟದ ಕೆಳಗೆ, 2,400 ಮೀಟರ್ ಬಂಡೆಯಡಿ ಅವರ ಜೂನಾ ತಂಡ ಇದೆ. 2022ರಲ್ಲಿ ಅವರು ಫ್ಲೋರಿನ್‌ಗೆ ಪ್ರೋಟಾನ್ ಸೇರಿ ನಿಯಾನ್ ಆಗುವ ಕ್ರಿಯೆ ಹಿಂದಿನ ಲೆಕ್ಕಕ್ಕಿಂತ ಹಲವು ಪಟ್ಟು ಜಾಸ್ತಿ ಅಂತ ತೋರಿಸಿದರು. ತೀರಾ ಹಳೆಯ ಒಂದು ನಕ್ಷತ್ರದಲ್ಲಿ ಕಂಡಿದ್ದ ಕ್ಯಾಲ್ಸಿಯಂ ಎಲ್ಲಿಂದ ಬಂತು ಅನ್ನುವುದಕ್ಕೆ ಇದು ದಾರಿ ಕೊಟ್ಟಿತು.

ಭೂಮಿಯೊಳಗೆ ಇಳಿದು ಆಕಾಶ ನೋಡುವ ಈ ಪದ್ಧತಿ ನಮಗೇನು ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1950ರ ದಶಕದಲ್ಲೇ ಬಿ. ವಿ. ಶ್ರೀಕಂಠನ್ ಮ್ಯೂಯಾನ್‌ಗಳು ಎಷ್ಟು ಆಳದವರೆಗೆ ಇಳಿಯುತ್ತವೆ ಅಂತ ಅಳೆದಿದ್ದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ಜೊತೆ ಸೇರಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. ಗ್ರಾನ್ ಸಾಸೊ ಲ್ಯಾಬ್ ಆಗ ಕನಸಿನಲ್ಲೂ ಇರಲಿಲ್ಲ. ಗಣಿ ನಷ್ಟಕ್ಕೆ ಬಿತ್ತು, ಪ್ರಯೋಗಗಳು ನಿಂತವು, 2001ರಲ್ಲಿ ಗಣಿಯೂ ಮುಚ್ಚಿತು, ನೀರು ತುಂಬಿತು. ವೇಗವರ್ಧಕ ಇಡಲು ಗಣಿಯ ಬಾವಿಗಿಂತ ಅಡ್ಡ ಸುರಂಗ ಅನುಕೂಲ, ಅದು ನಿಜ. ಅಮೆರಿಕದ ಸೌತ್ ಡಕೋಟದಲ್ಲಿ ಹಳೆಯ ಹೋಮ್‌ಸ್ಟೇಕ್ ಚಿನ್ನದ ಗಣಿಯೊಳಗೇ ಒಂದು ಸಣ್ಣ ವೇಗವರ್ಧಕ ಕೂರಿಸಿದ್ದಾರೆ, ಅದೂ ನಿಜ.

ಇನ್ನು ಕಾರ್ಬನ್ ಕ್ರಿಯೆಗೆ ಬರೋಣ. ಬೆಟ್ಟದಡಿ ಹೋದರೂ ಇದು ಸುಲಭಕ್ಕೆ ಬಗ್ಗುವುದಿಲ್ಲ. ಸಾಮಾನ್ಯ ಕಾರ್ಬನ್ನಿನಲ್ಲಿ ನೂರಕ್ಕೆ ಒಂದು ಪಾಲು ಕಾರ್ಬನ್-13, ಅಂದರೆ ಒಂದು ನ್ಯೂಟ್ರಾನ್ ಹೆಚ್ಚಿರುವ ಕಾರ್ಬನ್, ಇರುತ್ತದೆ. ಹೀಲಿಯಂ ತಾಗಿದರೆ ಅದು ನ್ಯೂಟ್ರಾನ್ ಉಗುಳುತ್ತದೆ, ಅದೂ ನಮಗೆ ಬೇಕಾದ ಕ್ರಿಯೆಗಿಂತ ಎಷ್ಟೋ ಪಟ್ಟು ಸಲೀಸಾಗಿ. ಆ ನ್ಯೂಟ್ರಾನ್‌ಗಳು ಡಿಟೆಕ್ಟರಿನಲ್ಲಿ ಗದ್ದಲ ಎಬ್ಬಿಸುತ್ತವೆ. ಬೆಟ್ಟ ಇದನ್ನು ತಡೆಯಲಾರದು, ಗದ್ದಲ ಒಳಗಿನಿಂದಲೇ. ಅದಕ್ಕೆ ಕಾರ್ಬನ್-13 ತೆಗೆದ ಶುದ್ಧ ಪದರ ಬೇಕು. ಬೀಮಿನ ಬಿಸಿಗೆ ಆ ಪದರ ಸವೆಯುತ್ತದೆ.

ಹಾಗಾಗಿ ಬಳಸು ದಾರಿಗಳು. ಕಾರ್ಬನ್ನನ್ನೇ ಬೀಮ್ ಮಾಡಿ ಹೀಲಿಯಂ ಅನಿಲಕ್ಕೆ ಹೊಡೆದು, ಹುಟ್ಟಿದ ಆಕ್ಸಿಜನ್‌ಗಳನ್ನು ಕಾಂತಗಳಿಂದ ಸೋಸಿ ಎಣಿಸುವವರಿದ್ದಾರೆ. ಕೆನಡಾದ ಟ್ರಯಂಫ್ ಲ್ಯಾಬಿನಲ್ಲಿ ಅಂಥ ಉಪಕರಣ ಇದೆ. ಕ್ರಿಯೆಯನ್ನು ತಲೆಕೆಳಗು ಮಾಡಿ, ಆಕ್ಸಿಜನ್‌ಗೆ ಗಾಮಾ ಕಿರಣ ಹೊಡೆದು ಕಾರ್ಬನ್, ಹೀಲಿಯಂ ಆಗಿ ಒಡೆಯುವುದನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಗಾಮಾ ಬೀಮಿನಲ್ಲಿ ನೋಡುತ್ತಿದ್ದಾರೆ. ಭೌತ ನಿಯಮದ ಪ್ರಕಾರ ಎರಡೂ ದಿಕ್ಕಿನ ಸಾಧ್ಯತೆಗಳಿಗೆ ನೆಂಟಸ್ತಿಕೆ ಇದೆ, ಒಡೆಯುವ ದಿಕ್ಕಿನಲ್ಲಿ ಅಂಕಿ ದೊಡ್ಡದು. ಮೂರನೆಯ ದಾರಿ ನನಗೆ ತುಂಬಾ ಇಷ್ಟ. ಲಿಥಿಯಂ ನ್ಯೂಕ್ಲಿಯಸ್ಸಿನ ಬೆನ್ನ ಮೇಲೆ ಹೀಲಿಯಂ ಕೂರಿಸಿ ಕಾರ್ಬನ್ ಹತ್ತಿರ ಕಳಿಸುತ್ತಾರೆ. ಲಿಥಿಯಂ ತನ್ನ ಹೀಲಿಯಂ ಭಾಗವನ್ನು ಕಾರ್ಬನ್ನಿಗೆ ಬಿಟ್ಟುಕೊಟ್ಟು ಮುಂದೆ ಹೋಗುತ್ತದೆ. ಹೊಸ್ತಿಲ ಕೆಳಗಿನ ಆ ಎರಡು ಮಟ್ಟಗಳ ಬಾಲ ಎಷ್ಟು ದಪ್ಪ ಅನ್ನುವುದು ಇದರಿಂದ ತಿಳಿಯುತ್ತದೆ. 300 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗೆ ಇಳಿಯುವ ಅಗತ್ಯವೇ ಇಲ್ಲ.

140 ಅನ್ನುವ ಅಂಕಿ ಈ ಎಲ್ಲ ದಾರಿಗಳನ್ನೂ ಒಂದೇ ಲೆಕ್ಕದ ಚೌಕಟ್ಟಿಗೆ ಹೊಂದಿಸಿದಾಗ ಬಂದಿದ್ದು. ಹೊಂದಿಸುವಾಗ ಒಂದು ಪ್ರಯೋಗದ ಅಂಕಿ ಇನ್ನೊಂದರ ಜೊತೆ ಹೊಂದುವುದಿಲ್ಲ. ಯಾವುದನ್ನು ಬಿಡಬೇಕು, ಯಾವುದಕ್ಕೆ ತೂಕ ಜಾಸ್ತಿ ಕೊಡಬೇಕು ಅನ್ನುವುದರಲ್ಲಿ ಮನುಷ್ಯರ ತೀರ್ಮಾನ ಇರುತ್ತದೆ. 21 ಅನ್ನುವುದನ್ನು ಓದುವಾಗ ಇದೂ ನೆನಪಿರಲಿ.

ಈಗ ಕಪ್ಪುಕುಳಿಗಳು. ಭಾರೀ ನಕ್ಷತ್ರವೊಂದರ ಒಡಲು 100 ಕೋಟಿ ಡಿಗ್ರಿ ದಾಟಿದರೆ, ಅದನ್ನು ಒಳಗಿನಿಂದ ಎತ್ತಿಹಿಡಿದ ಬೆಳಕೇ ಎಲೆಕ್ಟ್ರಾನ್, ಪಾಸಿಟ್ರಾನ್ ಜೋಡಿಗಳಾಗಿ ಬದಲಾಗತೊಡಗುತ್ತದೆ. ಒತ್ತಡ ಕುಸಿಯುತ್ತದೆ. ಒಡಲು ಒಳಕ್ಕೆ ಕುಸಿದು ಆಕ್ಸಿಜನ್‌ಗೆ ಒಮ್ಮೆಲೇ ಬೆಂಕಿ ಹತ್ತುತ್ತದೆ. ಒಂದು ಮಿತಿಯ ನಕ್ಷತ್ರಗಳು ಸಲ ಸಲಕ್ಕೂ ಮೈಯನ್ನು ಎಸೆದು ಹಗುರಾಗುತ್ತವೆ. ಇನ್ನೂ ದೊಡ್ಡವು ಪೂರ್ತಿ ಸಿಡಿದು ಏನೂ ಉಳಿಯುವುದಿಲ್ಲ. ಆದ್ದರಿಂದ ಸೂರ್ಯನ ತೂಕದ ಸುಮಾರು 50 ಪಟ್ಟಿನಿಂದ 130 ಪಟ್ಟಿನವರೆಗೆ, ನಕ್ಷತ್ರದಿಂದ ನೇರವಾಗಿ ಹುಟ್ಟಿದ ಕಪ್ಪುಕುಳಿ ಇರಬಾರದು. ಈ ಖಾಲಿ ಜಾಗ ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ಕಾರ್ಬನ್ ತೀರ್ಮಾನಿಸುತ್ತದೆ. ಒಡಲಲ್ಲಿ ಕಾರ್ಬನ್ ಚೆನ್ನಾಗಿ ಉಳಿದಿದ್ದರೆ ಅದು ಮೊದಲು ಉರಿದು ಕುಸಿತವನ್ನು ತಡೆದುಕೊಳ್ಳುತ್ತದೆ. ಉಳಿಯದಿದ್ದರೆ ಸ್ಫೋಟ ಬೇಗ. ಅಂದರೆ ನಮ್ಮ ಅಂಕಿ ಜಾಸ್ತಿಯಾದರೆ ಅಂಚು ಕೆಳಗಿಳಿಯುತ್ತದೆ, ಕಡಿಮೆಯಾದರೆ ಮೇಲೇರುತ್ತದೆ.

2019ರ ಮೇ 21ರಂದು ಗುರುತ್ವ ಅಲೆ ಹಿಡಿಯುವ ಲೈಗೊ ಮತ್ತು ವರ್ಗೊ ಯಂತ್ರಗಳಿಗೆ ಸಿಕ್ಕ ಅಲೆಯಲ್ಲಿ ಡಿಕ್ಕಿಯಾದ ಕಪ್ಪುಕುಳಿಗಳು ಸುಮಾರು 85 ಮತ್ತು 66 ಸೂರ್ಯರ ತೂಕದವು. ಖಾಲಿ ಜಾಗದ ನಡುವೆಯೇ! ಆಮೇಲೆ 2023ರ ನವೆಂಬರಿನಲ್ಲಿ ಇನ್ನೂ ದೊಡ್ಡ ಜೋಡಿ ಸಿಕ್ಕಿತು, ಸೇರಿ ಆದದ್ದು ಸುಮಾರು 225 ಸೂರ್ಯರಷ್ಟು. ಇವೆಲ್ಲ ಮೊದಲೇ ಒಮ್ಮೆ ಡಿಕ್ಕಿಯಾಗಿ ಬೆಳೆದವು, ನಕ್ಷತ್ರದ ನೇರ ಮಕ್ಕಳಲ್ಲ ಅನ್ನುವುದು ಒಂದು ವಿವರಣೆ. 2025ರಲ್ಲಿ ಕೆಲವು ತಂಡಗಳು ಜೋಡಿಯಲ್ಲಿ ಹಗುರವಾದ ಕಪ್ಪುಕುಳಿಗಳನ್ನಷ್ಟೇ ನೋಡಿದರೆ 45 ಸೂರ್ಯರ ಹತ್ತಿರ ಅಂಚು ಕಾಣುತ್ತದೆ ಅಂದವು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಕಾರ್ಬನ್ ಕ್ರಿಯೆಯ ವೇಗವನ್ನೂ ಕೊಟ್ಟವು.

ಇದನ್ನು ನಾನು ತಳ್ಳಿಹಾಕುತ್ತಿಲ್ಲ. ಹಾಯ್ಲ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ ಅಲ್ವಾ? ಲೋಕವನ್ನು ನೋಡಿ ನ್ಯೂಕ್ಲಿಯಸ್ ಹೀಗಿರಬೇಕು ಅಂದ. ಆದರೆ ಅವನ ಮಾತು ನಿಂತಿದ್ದು ವೇಲಿಂಗ್ ಲ್ಯಾಬಿನಲ್ಲಿ ನೋಡಿದ ಮೇಲೆ. ಅಂಚು ಎಲ್ಲಿದೆ ಅನ್ನುವುದಕ್ಕೆ ಕಾರ್ಬನ್ ಒಂದೇ ಕಾರಣ ಅಲ್ಲ. ನಕ್ಷತ್ರ ಎಷ್ಟು ವೇಗವಾಗಿ ಗಿರಗಿರ ತಿರುಗುತ್ತಿತ್ತು, ಒಳಗೆ ಅನಿಲ ಹೇಗೆ ಕದಡುತ್ತಿತ್ತು, ಗಾಳಿಯಾಗಿ ಎಷ್ಟು ಮೈ ಕಳೆದುಕೊಂಡಿತು, ಮೂರು ಹೀಲಿಯಂ ಕ್ರಿಯೆಯ ವೇಗ ಎಷ್ಟು, ಇವೆಲ್ಲವೂ ಅಂಚನ್ನು ಆಚೀಚೆ ಎಳೆಯುತ್ತವೆ. ಇವುಗಳಲ್ಲಿ ಲ್ಯಾಬಿಗೆ ತಂದು ಅಳೆಯಬಹುದಾದವು ಪರಮಾಣು ಕ್ರಿಯೆಗಳು ಮಾತ್ರ. ಅವನ್ನೂ ಕಪ್ಪುಕುಳಿಗಳಿಂದಲೇ ತೆಗೆದುಕೊಂಡರೆ, ಉಳಿದ ಎಲ್ಲದರ ತಪ್ಪನ್ನೂ ಕಾರ್ಬನ್ನಿನ ತಲೆಗೆ ಕಟ್ಟಿದಂತೆ. ಅದೇ ಅಂಕಿಯನ್ನು ಮತ್ತೆ ನಕ್ಷತ್ರದ ಮಾದರಿಗೆ ಹಾಕಿ "ನೋಡಿ, ಹೊಂದುತ್ತದೆ" ಅಂದರೆ ಅದರಲ್ಲಿ ಪರೀಕ್ಷೆ ಏನು ಬಂತು? ಲ್ಯಾಬಿನ ಅಂಕಿ ಸ್ವತಂತ್ರವಾಗಿ ಬಂದು, ಎರಡೂ ಹೊಂದದೆ ಹೋದರೆ ಆಗ ನಕ್ಷತ್ರದ ಬಗ್ಗೆ ಹೊಸದೇನೋ ಕಲಿಯುತ್ತೇವೆ. ಹೀಲಿಯಂ-3 ಕತೆಯಲ್ಲಿ ಆಗಿದ್ದೇ ಅದು.

ಎಲ್ಲದಕ್ಕೂ ಲ್ಯಾಬೇ ಬೇಕು ಅನ್ನುತ್ತಿಲ್ಲ. ಸೂರ್ಯನಲ್ಲಿ ಎರಡು ಪ್ರೋಟಾನ್ ಸೇರುವ ಮೊಟ್ಟಮೊದಲ ಹೆಜ್ಜೆ ಎಷ್ಟು ನಿಧಾನ ಅಂದರೆ, ಅದನ್ನು ಅಳೆಯುವ ಆಸೆಯನ್ನೇ ಯಾರೂ ಇಟ್ಟುಕೊಂಡಿಲ್ಲ. ಅಲ್ಲಿ ಸಿದ್ಧಾಂತವೇ ಗತಿ, ಆ ಸಿದ್ಧಾಂತ ಗಟ್ಟಿಯಾಗಿಯೂ ಇದೆ. ಕಾರ್ಬನ್ ಕ್ರಿಯೆಗೆ ಅಂಥ ಗಟ್ಟಿ ಸಿದ್ಧಾಂತ ಇಲ್ಲ.

ನಮ್ಮಲ್ಲೂ ಇದಕ್ಕೆ ಯಂತ್ರ ಬಂದಿದೆ. ಕೋಲ್ಕತ್ತದ ಸಾಹಾ ಸಂಸ್ಥೆಯ ಫ್ರೆನಾ 30 ಲಕ್ಷ ವೋಲ್ಟಿನ ವೇಗವರ್ಧಕ, ನಕ್ಷತ್ರಗಳ ಕ್ರಿಯೆಗಳಿಗೆಂದೇ ಕಟ್ಟಿದ್ದು. ಇದು ನೆಲದ ಮೇಲಿದೆ, ಆದ್ದರಿಂದ ಅತಿ ಕೆಳಗಿನ ಶಕ್ತಿಗೆ ಇಳಿಯುವ ಪಂದ್ಯಕ್ಕೆ ಇದು ಅಲ್ಲ. ಆದರೆ ಗೆರೆ ಎಳೆಯಬೇಕಾದರೆ ಮೇಲಿನ ಶಕ್ತಿಯ ಅಂಕಿಗಳೂ ನೆಟ್ಟಗಿರಬೇಕು, ಬೇರೆ ಬೇರೆ ಪ್ರಯೋಗಗಳು ಒಂದಕ್ಕೊಂದು ಹೊಂದದಿರುವುದು ಅಲ್ಲೇ. ಹೆಸರು ತರದ ಕೆಲಸ, ಆದರೆ ಬೇಕಾದ ಕೆಲಸ. ಅದೇ ಸಂಸ್ಥೆಗೆ ಜಾರ್ಖಂಡಿನ ಜಾದುಗೂಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದಲ್ಲಿ ಒಂದು ಪುಟ್ಟ ಲ್ಯಾಬ್ ಕೂಡ ಇದೆ. ಅಲ್ಲಿ ವೇಗವರ್ಧಕ ಇಲ್ಲ. ಇನ್ನೊಂದು ತುದಿಯಲ್ಲಿ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೊ-ಇಂಡಿಯಾ ಕಟ್ಟಲು ಕೇಂದ್ರ ಸಂಪುಟ 2023ರಲ್ಲಿ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಕಪ್ಪುಕುಳಿ ತೂಗುವ ಕಡೆ ನಾವು ಜೋರಾಗಿ ಹೋಗುತ್ತಿದ್ದೇವೆ, ಕಾರ್ಬನ್ ಅಳೆಯುವ ಕಡೆ ಮೆಲ್ಲಗೆ.

ಗ್ರಾನ್ ಸಾಸೊದಲ್ಲಿ ಈಗ 35 ಲಕ್ಷ ವೋಲ್ಟಿನ ಹೊಸ ವೇಗವರ್ಧಕ ಇದೆ. ಹೀಲಿಯಂ ಉರಿಯುವ ಹಂತದ ಕ್ರಿಯೆಗಳಿಗೆ ಹಳೆಯ ಯಂತ್ರದ ಶಕ್ತಿ ಸಾಲುತ್ತಿರಲಿಲ್ಲ, ಈಗ ಸಾಲುತ್ತದೆ. ಜಿನ್‌ಪಿಂಗ್‌ನವರ ಪಟ್ಟಿಯಲ್ಲೂ ಕಾರ್ಬನ್ ಕ್ರಿಯೆ ಇದೆ. ಇಬ್ಬರಲ್ಲಿ ಯಾರೂ 300ರವರೆಗೆ ಇಳಿಯುವುದಿಲ್ಲ. ಆದರೆ 1,000ದ ಕೆಳಗೆ ಒಂದೊಂದು ಅಂಕಿ ಸಿಕ್ಕಿದರೂ ಗೆರೆಯನ್ನು ಕಣ್ಣು ಕಟ್ಟಿಕೊಂಡು ಎಳೆಯಬೇಕಾದ ದೂರ ಕಡಿಮೆಯಾಗುತ್ತದೆ. ಹೊಸ್ತಿಲ ಕೆಳಗಿನ ಆ ಬಾಲಗಳು ಮೇಲಿನವುಗಳೊಡನೆ ಕೂಡುತ್ತವೋ ಕಳೆಯುತ್ತವೋ ಅನ್ನುವ ಜಗಳ ತೀರಲು ಅಷ್ಟೇ ಸಾಕಾಗಬಹುದು.